ಒಂದು ಮೈನಸ್ ಚಿಹ್ನೆ ಮತ್ತು ಕಪ್ಪುಕುಳಿ

ಬಿಸಿ ಪ್ಲಾಸ್ಮಾ ಒಂದಿದೆ. ಅದನ್ನು ಸ್ವಲ್ಪ ಕಲಕಿದರೆ ಮತ್ತೆ ಅಲುಗಾಡದೆ ಕೂರಲು ಎಷ್ಟು ಹೊತ್ತು ಬೇಕು? ಕಣಗಳ ನಡುವಿನ ಎಳೆದಾಟ ಜಾಸ್ತಿ ಇದ್ದರೆ ಇದನ್ನು ನೇರವಾಗಿ ಲೆಕ್ಕ ಹಾಕುವುದು ತುಂಬಾ ಕಷ್ಟ. 1997ರಲ್ಲಿ ಭೌತವಿಜ್ಞಾನಿ ಮಾಲ್ಡಸೀನಾ ತೋರಿಸಿದ ದಾರಿ ಹಿಡಿದರೆ ಇದೇ ಪ್ರಶ್ನೆ ಒಂದು ಆಯಾಮ ಜಾಸ್ತಿ ಇರುವ ಜಾಗದ ಕಪ್ಪುಕುಳಿಗೆ ಹೋಗುತ್ತದೆ. ಕುಳಿಯನ್ನು ತಟ್ಟಿದರೆ ಕಂಪನ ಎಷ್ಟು ಬೇಗ ಅಡಗುತ್ತದೆ? ಹೊರೊವಿಟ್ಜ್ ಮತ್ತು ಹುಬೆನಿ 1999ರಲ್ಲೇ ಇದನ್ನು ಮಾಡಿದ್ದರು. ನನಗೆ ಕೈಯಾರೆ ಮಾಡಿ ನೋಡಬೇಕಿತ್ತು.

ನಾನು ತೆಗೆದುಕೊಂಡಿದ್ದು ಐದು ಆಯಾಮದ ಎಡಿಎಸ್ ಜಾಗ (ಆಂಟಿ-ಡಿ ಸಿಟ್ಟರ್, ಋಣ ಬಾಗು ಇರುವ ಜಾಗ), ಚಪ್ಪಟೆ ಹೊರೈಜನ್ (ದಾಟಿದರೆ ವಾಪಸ್ ಬರಲಾಗದ ಕುಳಿಯ ಅಂಚು), ಅದರ ಮೇಲೆ ದ್ರವ್ಯರಾಶಿ ಇಲ್ಲದ ಸ್ಕೇಲಾರ್ ಅಲೆ (ಪ್ರತಿ ಬಿಂದುವಿಗೂ ಒಂದೇ ಸಂಖ್ಯೆ ಇರುವ ಸರಳ ಅಲೆ). ಹೊರೈಜನ್ನನ್ನು 1ರಲ್ಲಿ ಇಟ್ಟುಕೊಂಡರೆ ತಾಪಮಾನ 1/ಪೈ.

ಮೊದಲು ಮಾಮೂಲಿ ಕಾಲವನ್ನೇ ಬಳಸಿದೆ. ಹೊರೈಜನ್ ಹತ್ತಿರ ಬಂದಂತೆ ಅಲೆ ಕೊನೆಯಿಲ್ಲದೆ ಅದುರತೊಡಗಿತು. ಗ್ರಿಡ್ ಎಷ್ಟು ಸಣ್ಣದು ಮಾಡಿದರೂ ಸಾಲದು. ಆಮೇಲೆ ಎಡಿಂಗ್ಟನ್–ಫಿಂಕೆಲ್‌ಸ್ಟೈನ್ ಕಾಲಕ್ಕೆ, ಅಂದರೆ ಒಳಗೆ ಬೀಳುವ ಬೆಳಕಿಗೆ ಹೊಂದಿಸಿದ ಕಾಲಕ್ಕೆ, ಬದಲಾಯಿಸಿದೆ. ಒಳಗೆ ಬೀಳುವ ಅಲೆ ಈಗ ಹೊರೈಜನ್‌ನಲ್ಲಿ ನಯವಾಗಿರುತ್ತದೆ. ಬೇರೆ ಷರತ್ತು ಹಾಕುವ ಕೆಲಸವೇ ಇಲ್ಲ. ಸಮೀಕರಣದಲ್ಲಿ ಆವರ್ತನ ಒಂದನೇ ಘಾತದಲ್ಲಷ್ಟೇ ಉಳಿಯುತ್ತದೆ. ಚೆಬಿಶೆವ್ ಬಿಂದುಗಳನ್ನು (ತುದಿಗಳಲ್ಲಿ ಒತ್ತೊತ್ತಾಗಿರುವ ಗ್ರಿಡ್) ಇಟ್ಟು, ಪೈಥಾನ್‌ನಲ್ಲಿ ಎರಡು ಮ್ಯಾಟ್ರಿಕ್ಸ್ ಕಟ್ಟಿ, ಐಗನ್ ಮೌಲ್ಯ ಕೇಳಿದರಾಯಿತು; ಆ ಮೌಲ್ಯಗಳೇ ಆವರ್ತನಗಳು.

ಬಂದ ಆವರ್ತನ: ನೈಜ ಭಾಗ (ಎಷ್ಟು ಬೇಗ ಅದುರುತ್ತದೆ) 3.1195, ಕಾಲ್ಪನಿಕ ಭಾಗ (ಮೈನಸ್ ಇದ್ದರೆ ಅಡಗುತ್ತದೆ, ಪ್ಲಸ್ ಇದ್ದರೆ ಬೆಳೆಯುತ್ತದೆ) +2.7467. ಪ್ಲಸ್! ಅಂದರೆ ಕಂಪನ ಅಡಗುವುದಿಲ್ಲ, ಬೆಳೆಯುತ್ತದೆ. ಒಂದಿಡೀ ದಿನ ಕುಳಿಯೇ ಅಸ್ಥಿರ ಅಂದುಕೊಂಡು ಒಳಗೊಳಗೇ ಬೀಗಿದ್ದೆ. ಕೊನೆಗೆ ನೋಡಿದರೆ ಮೆಟ್ರಿಕ್‌ನ (ಆ ಜಾಗದ ದೂರ ಅಳೆಯುವ ಸೂತ್ರ) ಒಂದು ಪದಕ್ಕೆ ಮೈನಸ್ ಬಿಟ್ಟಿದ್ದೆ. ಅಲೆ ಒಳಗೆ ಬೀಳುವ ಬದಲು ಹೊರಗೆ ಬರುತ್ತಿತ್ತು. ನಾನು ಲೆಕ್ಕ ಹಾಕಿದ್ದು ಕಾಲ ಹಿಮ್ಮುಖವಾದ ಬಿಳಿಕುಳಿಯನ್ನು! ಪ್ಲಾಸ್ಮಾದಲ್ಲಿ ಶಕ್ತಿ ಶಾಖವಾಗಿ ಹರಡಿಹೋಗುವುದು ಮತ್ತು ಹೊರೈಜನ್ ಅಲೆಯನ್ನು ನುಂಗುವುದು ಒಂದೇ ಅಂತ ಎಷ್ಟೋ ಸಲ ಓದಿದ್ದೆ. ತಲೆಗೆ ಹತ್ತಿದ್ದು ಆವತ್ತೇ.

ಸರಿಪಡಿಸಿದ ಮೇಲೆ −2.7467 ಬಂತು. ಒಂದು ಸುತ್ತು ಅದುರುವಷ್ಟರಲ್ಲಿ ಅಲೆ ಸುಮಾರು 250ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗಂಟೆ ಬಾರಿಸಿದ ಹಾಗಲ್ಲ, ಅಕ್ಕಿ ಮೂಟೆಗೆ ಗುದ್ದಿದ ಹಾಗೆ.

ಒಂದು ಮಾತು: ಐಗನ್ ಮೌಲ್ಯಗಳ ಪಟ್ಟಿಯಲ್ಲಿ ಸುಳ್ಳು ಆವರ್ತನಗಳೂ ಬರುತ್ತವೆ. 30 ಬಿಂದುಗಳಿಗೂ 40 ಬಿಂದುಗಳಿಗೂ ಕದಲದೆ ನಿಂತವನ್ನು ಮಾತ್ರ ಇಟ್ಟುಕೊಳ್ಳಿ.

ಆಮೇಲೆ ಶಿಯರ್ ಅಲೆಗೂ (ಪದರಗಳು ಒಂದರ ಮೇಲೊಂದು ಜಾರುವ ಚಲನೆ) ಇದನ್ನೇ ಮಾಡಿದೆ. ಅಲೆಸಂಖ್ಯೆ ಚಿಕ್ಕದಿದ್ದಾಗ ಆವರ್ತನದ ಕಾಲ್ಪನಿಕ ಭಾಗ ಅದರ ವರ್ಗದ ಜೊತೆ ಇಳಿಯಿತು. ಇಳಿಜಾರು 0.25. ತಾಪಮಾನದಿಂದ ಗುಣಿಸಿದರೆ 1/(4 ಪೈ), ಸ್ನಿಗ್ಧತೆಗೂ ಎಂಟ್ರೊಪಿ ಸಾಂದ್ರತೆಗೂ ಇರುವ ಆ ಹೆಸರಾಂತ ಅನುಪಾತ. ಅದೂ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ!