ಎರಿ ಹೊಲಕ್ಕೆ ಚೌಕುಮಡಿ: ಹಿಂಗಾರಿ ಜೋಳಕ್ಕೆ ಹಸಿ ಹಿಡಿಯುವ ಬಗೆ

ಒಂದು ಎಕರೆ ಹೊಲದ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಅದು ಎರಡು ಲಕ್ಷ ಲೀಟರ್ ನೀರು. ಬೇಸಿಗೆಯಲ್ಲಿ ದ್ರಾಕ್ಷಿ ಪಡಕ್ಕೆ ಟ್ಯಾಂಕರ್ ಹೊಡೆಸುವವರ ಲೆಕ್ಕದಲ್ಲಿ ಐದು ಸಾವಿರ ಲೀಟರಿನ 40 ಟ್ಯಾಂಕರ್. ವಿಜಯಪುರದ ಎರಿ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಇಂಥ ಮಳೆ ಬಿದ್ದಾಗ ಮೇಲ್ಮಣ್ಣು ಬಿಗಿದು ಕೆನೆ ಕಟ್ಟುತ್ತದೆ. ನೀರು ಇಂಗುವ ಮೊದಲೇ ಮಣ್ಣನ್ನೂ ಎಳೆದುಕೊಂಡು ಹಳ್ಳಕ್ಕೆ ಇಳಿಯುತ್ತದೆ. ಬೋರ್ ಕೊರೆಸಿ ಸಾಲ ಮಾಡಿಕೊಂಡು, ಅದನ್ನು ತೀರಿಸಲು ಗುಳೆ ಹೋಗುವುದಕ್ಕಿಂತ ಮೊದಲು ಈ ನೀರನ್ನು ನಿಲ್ಲಿಸಿ ನೋಡುವುದು ಲೇಸು. ಅದಕ್ಕೆ ಸಣ್ಣ ಹಿಡುವಳಿದಾರನ ಕೈಗೆಟುಕುವ ಉಪಾಯ ಚೌಕುಮಡಿ: ಗಿಡ್ಡ ಬದು ಹಾಕಿ ಹೊಲವನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡಿ, ಬಿದ್ದ ಮಳೆಯನ್ನು ಅಲ್ಲಲ್ಲೇ ಇಂಗಿಸುವುದು. 1930ರ ದಶಕದಲ್ಲೇ ದೇಶದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದ ಕೆಲವೇ ಊರುಗಳಲ್ಲಿ ವಿಜಯಪುರವೂ ಒಂದು. ಇಲ್ಲಿನ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರ ಹಿಂಗಾರಿ ಹೊಲಕ್ಕೆ ಶಿಫಾರಸು ಮಾಡುವ ಪದ್ಧತಿಯೂ ಇದೇ.

ಮೊದಲು ಇಳಿಜಾರು ಅಳೆಯಿರಿ. ಕಣ್ಣಳತೆ ನಂಬಬೇಡಿ, ಎರಿ ಹೊಲ ಸಪಾಟಾಗಿಯೇ ಕಾಣುತ್ತದೆ. ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ತುದಿಗಳನ್ನು 15 ಮೀಟರ್ ಅಂತರದ ಎರಡು ಗೂಟಗಳಿಗೆ ಹಿಡಿದು, ನೆಲದಿಂದ ನೀರಿನ ಮಟ್ಟ ಎಷ್ಟು ಎತ್ತರವಿದೆ ಎಂದು ಎರಡೂ ಕಡೆ ಅಳೆಯಿರಿ. ವ್ಯತ್ಯಾಸ 15 ಸೆಂ.ಮೀ. ಬಂದರೆ ಇಳಿಜಾರು ಶೇ. 1. ಅಷ್ಟರೊಳಗಿದ್ದರೆ 4.5 ಮೀಟರ್ ಚೌಕ ನಡೆಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ 3 ಮೀಟರ್ ಚೌಕ ಮಾಡಿ. ಶೇ. 2ರ ಇಳಿಜಾರಿನಲ್ಲಿ 4.5 ಮೀಟರ್ ಚೌಕದ ಕೆಳಮೂಲೆ ಮೇಲ್ಮೂಲೆಗಿಂತ 9 ಸೆಂ.ಮೀ. ತಗ್ಗಿರುತ್ತದೆ. ನೀರೆಲ್ಲ ಅಲ್ಲೇ ಕೂಡಿ ಬದು ಒಡೆಯುತ್ತದೆ, ಮೇಲಿನ ಅರ್ಧ ಒಣಗಿಯೇ ಉಳಿಯುತ್ತದೆ.

ಗರಸು (ಸಣ್ಣ ಕಲ್ಲು ಬೆರೆತ) ಹೊಲಕ್ಕೆ, ಒಂದೂವರೆ ಅಡಿಗಿಂತ ತೆಳು ಮಣ್ಣಿಗೆ ಈ ಕೆಲಸ ಬೇಡ. ಡೋಣಿ ನದಿ ಸಾಲಿನ ಸವಳು (ಉಪ್ಪಿನ) ನೆಲಕ್ಕೂ ಬೇಡ, ಅಲ್ಲಿ ನಿಂತ ನೀರು ಇಂಗುವುದಿಲ್ಲ.

ಮುಂಗಾರಿನ ಮೊದಲ ಮಳೆಗೆ ಎದ್ದ ಕಳೆಯನ್ನು ಕುಂಟೆ ಹೊಡೆದು ತೆಗೆದ ಮೇಲೆ, ಜೂನ್ ಕೊನೆಯಿಂದ ಜುಲೈ ತನಕ ಬದು ಹಾಕುವ ಹೊತ್ತು. ಹದ ನೋಡುವುದು ಸುಲಭ. ಒಂದು ಹಿಡಿ ಮಣ್ಣು ಒತ್ತಿ ಉಂಡೆ ಮಾಡಿ ಸೊಂಟದೆತ್ತರದಿಂದ ಬಿಡಿ. ಒಡೆದು ಉದುರಿದರೆ ಹದ, ಚಪ್ಪಟೆಯಾಗಿ ಅಂಟಿಕೊಂಡರೆ ಎರಡು ದಿನ ತಡೆಯಿರಿ. ತೀರ ಒಣಗಿದ ಮೇಲೆ ಎಳೆದರೆ ಬರೀ ಹೆಂಟೆಯ ಬದು ಆಗುತ್ತದೆ, ಸಂದಿಗಳಲ್ಲಿ ನೀರು ಸೋರುತ್ತದೆ.

ಬದು ಹಾಕುವ ಸಾಧನವೆಂದರೆ ಮುಂದೆ ಅಗಲ, ಹಿಂದೆ ಕಿರಿದಾಗಿ ಕೂಡಿಸಿದ ಎರಡು ಹಲಗೆ, ಅಷ್ಟೇ. ಎತ್ತಿನದೂ ಇದೆ, ಟ್ರ್ಯಾಕ್ಟರಿನದೂ ಇದೆ. ಎತ್ತಿನದನ್ನು ನಾಲ್ಕೈದು ಮನೆಯವರು ಕೂಡಿ ಮಾಡಿಸಿಕೊಂಡರೆ ಸಾಕು, ಒಂದೊಂದು ಮನೆಗೆ ವರ್ಷದಲ್ಲಿ ಎರಡೇ ದಿನದ ಕೆಲಸ ಅದಕ್ಕೆ. ಬದು ಹಾಕುವಾಗ 20 ಸೆಂ.ಮೀ. ಎತ್ತರ ಬರಲಿ, ಮಳೆಗೆ ಕುಸಿದು 15ಕ್ಕೆ ನಿಲ್ಲುತ್ತದೆ.

ಮೊದಲು ಇಳಿಜಾರಿನ ಗುಂಟ ಎಳೆಯಿರಿ, ಆಮೇಲೆ ಅಡ್ಡ. ಈ ಕ್ರಮ ತಪ್ಪಬಾರದು. ಎರಡನೇ ಸಲ ಎಳೆದ ಸಾಧನ ಮೊದಲಿನ ಬದುಗಳನ್ನು ಸೀಳಿಕೊಂಡೇ ಹೋಗುತ್ತದೆ. ನೀರಿನ ಒತ್ತಡವೆಲ್ಲ ಬೀಳುವುದು ಅಡ್ಡ ಬದುವಿನ ಮೇಲೆ, ಆದ್ದರಿಂದ ಸೀಳಿಲ್ಲದೆ ಉಳಿಯಬೇಕಾದದ್ದು ಅದು.

ಹೆಚ್ಚಿನ ಹೊಲಗಳಲ್ಲಿ ಚೌಕುಮಡಿ ಸೋಲುವುದು ಇದಾದ ಮೇಲೆ. ಟ್ರ್ಯಾಕ್ಟರ್ ಹೋಯಿತು, ಕೆಲಸ ಮುಗಿಯಿತು ಎಂದು ಮನೆಗೆ ಬರುತ್ತಾರೆ. ಸನಿಹ ಹೋಗಿ ನೋಡಿ: ಎರಡು ಬದು ಕೂಡುವ ಪ್ರತಿ ಮೂಲೆಯಲ್ಲೂ ಗೇಣುದ್ದ, ಕೆಲವೆಡೆ ಮೊಳದುದ್ದ ಬಾಯಿ ತೆರೆದಿರುತ್ತದೆ. ಆ ಬಾಯಿ ಇರುವ ತನಕ ಅದು ಚೌಕವಲ್ಲ, ಬರೀ ಕಾಲುವೆ. ಸಲಿಕೆಯಿಂದ ಎರಡೂ ಬದಿಯ ಮಣ್ಣೆಳೆದು ಬಾಯಿ ಮುಚ್ಚಿ, ಬದುವಿನ ಎತ್ತರಕ್ಕಿಂತ ನಾಲ್ಕು ಬೆರಳು ಹೆಚ್ಚು ಏರಿಸಿ, ಕಾಲಿನಿಂದ ತುಳಿಯಿರಿ. 3 ಮೀಟರ್ ಚೌಕವಾದರೆ ಎಕರೆಗೆ ಸುಮಾರು 450 ಮೂಲೆ. ಒಂದಕ್ಕೆ ಒಂದು ನಿಮಿಷ ಹಿಡಿದರೂ ಇಬ್ಬರಿಗೆ ಅರ್ಧ ದಿನದ ಕೆಲಸ. ಈ ಅರ್ಧ ದಿನದ ಕೂಲಿ ಉಳಿಸಲು ಹೋದವರು ಟ್ರ್ಯಾಕ್ಟರ್ ಬಾಡಿಗೆಯನ್ನೂ ಕಳೆದುಕೊಂಡಂತೆ.

ಇನ್ನೊಂದು ಕಂಟಕ ಮೇಲಿನ ಹೊಲದ ನೀರು. ಚೌಕಗಳು ತಮ್ಮ ಮೇಲೆ ಬಿದ್ದ ಮಳೆಯನ್ನು ಹಿಡಿದಾವೇ ಹೊರತು ಪಕ್ಕದವರ ಹತ್ತು ಎಕರೆಯ ನೀರನ್ನಲ್ಲ. ಮೇಲಂಚಿನ ದೊಡ್ಡ ಬದು ಗಟ್ಟಿ ಇರಲಿ. ನರೇಗಾದಲ್ಲಿ ಹಾಕಿಸಿದ ಬದು ಇದ್ದರೆ ಇಲಿ ಬಿಲ, ಬಿರುಕು ಮುಚ್ಚಿಸಿ, ಹೆಚ್ಚಿನ ನೀರು ಹೊರಹೋಗಲು ಕಲ್ಲು ಹಾಸಿದ ಕೋಡಿ ಬಿಡಿ. ಬದುವಿನ ಮೇಲೆ ಲಾವಂಚ ಹಚ್ಚಬಹುದು. ಕರಿಕೆ ಹುಲ್ಲು ಮಾತ್ರ ಬೇಡ, ಹೊಲಕ್ಕಿಳಿದರೆ ತೆಗೆಯುವುದು ಕಷ್ಟ.

ಮೊದಲ ದೊಡ್ಡ ಮಳೆ ನಿಂತ ಕೂಡಲೇ ಸಲಿಕೆ ಹಿಡಿದು ಹೋಗಿ. ಒಂದು ಬದು ಒಡೆದರೆ ಅದರ ನೀರು ಕೆಳಗಿನದಕ್ಕೆ, ಅದರದು ಇನ್ನೂ ಕೆಳಕ್ಕೆ, ಸಾಲಾಗಿ ಒಡೆಯುತ್ತಾ ಹೋಗುತ್ತದೆ. ಮೇಲಿನ ತುದಿಯಿಂದ ಮುಚ್ಚುತ್ತಾ ಬನ್ನಿ. ಚೌಕದಲ್ಲಿ ಕಳೆ ಏಳುವುದು ಇದರ ನಿಜವಾದ ತೊಡಕು, ಕುಂಟೆ ಹೊಡೆದರೆ ಬದು ಹೋಗುತ್ತದೆ. ಕೈಯಿಂದಲೇ ಕೀಳಿಸಬೇಕು, ಬೀಜ ಕಟ್ಟುವ ಮೊದಲೇ.

ಉತ್ತರಿ ಮಳೆ ಆದ ಮೇಲೆ, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ ಬಿತ್ತನೆ. ಮೊದಲು ಹಸಿ ಎಷ್ಟಿದೆ ನೋಡಿ. ಬೆರಳು ದಪ್ಪದ ಕಬ್ಬಿಣದ ಸಲಾಕೆಯನ್ನು ಐದಾರು ಕಡೆ ಒತ್ತಿ. ಹಸಿ ಇರುವಷ್ಟು ಆಳ ಸರಾಗ ಇಳಿದು, ಒಣಮಣ್ಣು ಸಿಕ್ಕಲ್ಲಿ ನಿಲ್ಲುತ್ತದೆ. ಮೂರು ಅಡಿ ಇಳಿದರೆ ಧೈರ್ಯವಾಗಿ ಬಿತ್ತಿ. ಎರಡು ಅಡಿಯೊಳಗೇ ನಿಂತರೆ ಸಾಲನ್ನು 45 ಸೆಂ.ಮೀ. ಬದಲು 60ಕ್ಕೆ ಅಗಲಿಸಿ ಸಸಿ ಕಡಿಮೆ ಮಾಡಿ, ಅಥವಾ ಕುಸುಬೆಗೆ ಹೋಗಿ.

ಮಾಲದಂಡಿ ತಳಿಯ ಜೋಳಕ್ಕೆ ಎಕರೆಗೆ 3 ಕಿಲೋ ಬೀಜ. ಲೀಟರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರಿನಲ್ಲಿ 8 ಗಂಟೆ ನೆನೆಸಿ ನೆರಳಲ್ಲಿ ಒಣಗಿಸಿದರೆ ಬೆಳೆ ಬರ ತಡೆಯುತ್ತದೆ. ಇಡೀ ಹೊಲದ ಬದುಗಳನ್ನು ಒಂದೇ ದಿನ ಕೆಡಿಸಬೇಡಿ, ಹಸಿ ಆರಿ ಹೋಗುತ್ತದೆ. ಆ ದಿನ ಬಿತ್ತುವಷ್ಟನ್ನೇ ಕುಂಟೆಯಿಂದ ಸಮ ಮಾಡಿ, ಹಿಂದೆಯೇ ಕೂರಿಗೆ ಹೊಡೆಯಿರಿ.

ಆಮೇಲೆ ಹಿಡಿದ ಹಸಿ ಸೋರಿಹೋಗುವ ದಾರಿ ಬಿರುಕು. ಬಿತ್ತಿದ 3, 5 ಮತ್ತು 8ನೇ ವಾರ ಎಡೆ ಹೊಡೆಯಿರಿ, ಅಂದರೆ ಸಾಲುಗಳ ನಡುವೆ ಎಡೆಕುಂಟೆ ಹಾಯಿಸಿ. ಮೊದಲೆರಡು ಕಳೆಗೆ. ಮೂರನೆಯದಕ್ಕೆ ಕಳೆ ಇಲ್ಲದಿದ್ದರೂ ಬಿಡಬೇಡಿ, ಅದು ಬಿರುಕು ಮುಚ್ಚಲಿಕ್ಕೆ. ಅಷ್ಟರಲ್ಲಿ ಬೆಳೆ ಎತ್ತರವಾಗಿ ಎತ್ತು ಹಾಯದಿದ್ದರೆ, ದೊಡ್ಡ ಬಿರುಕು ಬಿಟ್ಟ ಸಾಲುಗಳಲ್ಲಿ ಗುದ್ದಲಿಯಿಂದ ಮಣ್ಣು ಎಳೆದು ಮುಚ್ಚಿ.