ನಿಂತೇ ಇರುವ ಕಾರು ಕೆಡದಂತೆ ನೋಡಿಕೊಳ್ಳುವುದು ಹೇಗೆ?

ವಾರಕ್ಕೊಮ್ಮೆ ಕಾರಿನ ಬಳಿ ಹೋಗಿ, ಸೆಲ್ಫ್ ಹೊಡೆದು, ಐದು ನಿಮಿಷ ಎಂಜಿನ್ ಗುರುಗುಟ್ಟಿಸಿ ಮನೆಗೆ ವಾಪಸಾಗುವವರ ದೊಡ್ಡ ಪಡೆಯೇ ನಮ್ಮಲ್ಲಿದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ನೆಲಮಾಳಿಗೆಗಳಲ್ಲಿ ಭಾನುವಾರ ಬೆಳಿಗ್ಗೆ ಈ ಸದ್ದು ತಪ್ಪದೆ ಕೇಳಿಸುತ್ತದೆ. ಮಗ ಅಮೆರಿಕದಿಂದ ರಜೆಗೆ ಬಂದಾಗ ಓಡಿಸಲೆಂದು ಊರಿನಲ್ಲಿ ಇಟ್ಟ ಕಾರನ್ನೂ ಅಪ್ಪ ಹೀಗೆಯೇ ‘ನೋಡಿಕೊಳ್ಳುತ್ತಾರೆ’. ಇದರಿಂದ ಕಾರಿಗೆ ಕಾಸಿನ ಉಪಯೋಗವಿಲ್ಲ, ಹಾನಿಯೇ ಹೆಚ್ಚು. ಆದ್ದರಿಂದ ಮೊದಲ ಹೆಜ್ಜೆ, ಈ ಅಭ್ಯಾಸ ಬಿಡುವುದು.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಸೈಲೆನ್ಸರ್ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಹೊರಬೀಳುತ್ತದೆ. ಐದು ನಿಮಿಷದಲ್ಲಿ ಕೊಳವೆ ಕಾಯುವುದಿಲ್ಲ; ನೀರು ಒಳಗೇ ನಿಂತು ತುಕ್ಕು ಹಿಡಿಸುತ್ತದೆ. ತಣ್ಣಗಿನ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಅದರಲ್ಲಿ ಸ್ವಲ್ಪ ಪಿಸ್ಟನ್ ಪಕ್ಕದಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯಿಂದ ಹೋದ ಕರೆಂಟು ಅಷ್ಟು ಹೊತ್ತಿನಲ್ಲಿ ಪೂರ್ತಿ ವಾಪಸು ತುಂಬುವುದೂ ಅನುಮಾನ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಂತೂ ಎಂಜಿನ್ ಓಡಿಸಲೇಬಾರದು. ಅಲ್ಲಿ ತುಂಬಿಕೊಳ್ಳುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಜೀವ ತೆಗೆಯುತ್ತದೆ.

ಹಾಗಾದರೆ ಇರುವುದು ಎರಡೇ ದಾರಿ: ಓಡಿಸುವುದಾದರೆ ಸರಿಯಾಗಿ ಓಡಿಸಿ, ಇಲ್ಲವಾದರೆ ಸರಿಯಾಗಿ ಮಲಗಿಸಿ.

ಓಡಿಸುವುದಾದರೆ

ಹದಿನೈದು ದಿನಕ್ಕೊಮ್ಮೆ, ಅರ್ಧ ಗಂಟೆಗೆ ಕಡಿಮೆಯಿಲ್ಲದೆ, ಸಿಗ್ನಲ್‌ಗಳ ಕಾಟವಿಲ್ಲದ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ ಕೂಡಲೇ ಮನೆ ಕಡೆ ತಿರುಗಬೇಡಿ, ಆಯಿಲ್ ಕಾಯುವುದು ಅದಕ್ಕಿಂತ ನಿಧಾನ. ಮಡಿಕೇರಿಯ ಚಳಿಯಲ್ಲಿದ್ದರೂ ಹತ್ತು ನಿಮಿಷ ಎಸಿ ಹಾಕಿ. ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಗ್ಯಾಸ್ ಜೊತೆಯಲ್ಲೇ ಸುತ್ತುತ್ತದೆ. ಸುತ್ತದಿದ್ದರೆ ಸೀಲುಗಳು ಒಣಗಿ ಗ್ಯಾಸ್ ಸೋರುತ್ತದೆ. ಹಿಂದೆ ಯಾರೂ ಇಲ್ಲದಾಗ ನಾಲ್ಕೈದು ಬಾರಿ ಬ್ರೇಕನ್ನು ಗಟ್ಟಿಯಾಗಿ ಒತ್ತಿದರೆ ಡಿಸ್ಕಿನ ಮೇಲಿನ ತುಕ್ಕು ಹೋಗುತ್ತದೆ. ಹೊಗೆಯ ನಿಯಮ ಬಿಗಿಯಾದ ಮೇಲೆ ಬಂದ ಬಿಎಸ್-6 ಡೀಸೆಲ್ ಕಾರುಗಳಿಗೆ ಈ ಓಟ ಇನ್ನೂ ಮುಖ್ಯ. ಅವುಗಳ ಹೊಗೆ ಕೊಳವೆಯ ಫಿಲ್ಟರಿನಲ್ಲಿ ಕಟ್ಟಿದ ಮಸಿ ಉರಿದುಹೋಗಲು ಹೆದ್ದಾರಿಯ ವೇಗ ಬೇಕು. ದೇವಸ್ಥಾನಕ್ಕೂ ತರಕಾರಿಗೂ ಮಾತ್ರ ಕಾರು ತೆಗೆಯುವ ನಿವೃತ್ತರು ಡೀಸೆಲ್ ಕಾರು ಕೊಳ್ಳಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ತಿಂಗಳಿಗಿಂತ ಹೆಚ್ಚು ನಿಲ್ಲುವ ಕಾರಾದರೆ ಮುಂದೆ ಓದಿ.

ಬ್ಯಾಟರಿ: ಎಲ್ಲರೂ ಎಡವುವ ಜಾಗ

ಬೀಗ ಹಾಕಿ ನಿಲ್ಲಿಸಿದ ಕಾರು ನಿದ್ದೆ ಮಾಡುವುದಿಲ್ಲ. ಗಡಿಯಾರ, ರಿಮೋಟ್ ಲಾಕ್, ಅಲಾರಂ, ಎಂಜಿನ್ ಕಂಪ್ಯೂಟರ್ ಎಲ್ಲವೂ ಕರೆಂಟು ಹೀರುತ್ತಲೇ ಇರುತ್ತವೆ. ಲೆಕ್ಕ ಹಾಕಿ ನೋಡಿ. 30 ಮಿಲಿ ಆಂಪಿಯರ್ ಸೋರಿಕೆ ತೀರಾ ಸಾಮಾನ್ಯ. ದಿನಕ್ಕೆ ಸುಮಾರು 0.7 ಆಂಪಿಯರ್ ಅವರ್, ತಿಂಗಳಿಗೆ 21. ಚಿಕ್ಕ ಕಾರಿನ ಬ್ಯಾಟರಿ 35 ಆಂಪಿಯರ್ ಅವರ್‌ನದು. ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ! ಹೊರಗಿನಿಂದ ಕೂರಿಸಿದ ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಇದ್ದರೆ ಇನ್ನೂ ಬೇಗ. ಇಳಿದ ಬ್ಯಾಟರಿ ಹಾಗೆಯೇ ಉಳಿದರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬಾರದು.

ಮೊದಲು ಒಂದು ಮಲ್ಟಿಮೀಟರ್ ಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಗೆ ಬೆಳಿಗ್ಗೆ ಹಿಡಿಯಿರಿ: ಡಯಲ್ 20 ಡಿಸಿ ವೋಲ್ಟ್‌ನಲ್ಲಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ. 12.6 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಅದೇ ದಿನ ಚಾರ್ಜಿಗೆ ಹಾಕಿ. ಪೂರ್ತಿ ತುಂಬದ ಬ್ಯಾಟರಿಯನ್ನು ಕಳಚಿಟ್ಟು ಪ್ರಯೋಜನವಿಲ್ಲ.

ಕಳಚುವ ಮುನ್ನ ಒಂದು ಪರೀಕ್ಷೆ ಮಾಡಿ. ಬ್ಯಾಟರಿ ಇಲ್ಲದ ಕಾರಿಗೆ ರಿಮೋಟ್ ಕೆಲಸ ಮಾಡುವುದಿಲ್ಲ. ಬಾಗಿಲನ್ನು ಕೀಲಿ ತಿರುಗಿಸಿಯೇ ತೆರೆಯಬೇಕು. ಚಾಲಕನ ಬಾಗಿಲಿನ ಕೀಲಿ ರಂಧ್ರವನ್ನು ವರ್ಷಗಳಿಂದ ಬಳಸದೆ ಅದು ಬಿಗಿದುಕೊಂಡಿರುವುದು ಎಷ್ಟೋ ಕಾರುಗಳ ಕಥೆ. ಈಗಲೇ ತಿರುಗಿಸಿ ನೋಡಿ. ಬಟನ್ ಸ್ಟಾರ್ಟ್ ಕಾರಾದರೆ ರಿಮೋಟಿನ ಹೊಟ್ಟೆಯೊಳಗೆ ಚಿಕ್ಕ ಲೋಹದ ಕೀಲಿ ಇರುತ್ತದೆ, ಅದನ್ನು ಹೊರಗೆಳೆಯುವುದು ಕಲಿತಿರಿ. ಸ್ಪ್ಯಾನರನ್ನು ಡಿಕ್ಕಿಯಲ್ಲಿಟ್ಟು ಮುಚ್ಚಬೇಡಿ. ಕೆಲವು ಕಾರುಗಳ ಡಿಕ್ಕಿ ಕರೆಂಟಿಲ್ಲದೆ ಬಾಯಿ ಬಿಡುವುದಿಲ್ಲ.

ಈಗ ಕೆಲಸಕ್ಕೆ ಇಳಿಯೋಣ. ಇಗ್ನಿಷನ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿ, ಹತ್ತು ನಿಮಿಷ ಕಾಯಿರಿ. ಉಂಗುರ, ಲೋಹದ ಪಟ್ಟಿಯ ವಾಚು ಕಳಚಿಡಿ. ಬಹುಪಾಲು ಕಾರುಗಳಿಗೆ ಹತ್ತನೇ ನಂಬರ್ ಸ್ಪ್ಯಾನರ್ ಸಾಕು. ಮೊದಲು ಮೈನಸ್ ಕಡೆಯ ನಟ್ ಸಡಿಲಿಸಿ. ಕಪ್ಪು ವೈರು, ‘–’ ಗುರುತು. ಮೈನಸ್ಸೇ ಏಕೆಂದರೆ ಕಾರಿನ ಇಡೀ ಮೈ ಮೈನಸ್‌ಗೆ ಸೇರಿದೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರಿನ ಇನ್ನೊಂದು ತುದಿ ಬಾನೆಟ್ಟಿಗೋ ಎಂಜಿನ್ನಿಗೋ ತಗುಲಿದರೆ ನೇರ ಶಾರ್ಟ್. ಸ್ಪ್ಯಾನರ್ ಕೆಂಪಗೆ ಕಾಯಬಹುದು, ಬ್ಯಾಟರಿ ಸಿಡಿಯಲೂಬಹುದು. ಮೈನಸ್ ಬಿಚ್ಚಿದ ಮೇಲೆ ಆ ಭಯವಿಲ್ಲ, ಪ್ಲಸ್ ಬಿಚ್ಚುವ ಅಗತ್ಯವೂ ಇಲ್ಲ. ನಟ್ ಸಡಿಲವಾದ ಮೇಲೆ ಕ್ಲಾಂಪನ್ನು ಎಡಬಲಕ್ಕೆ ತಿರುಚುತ್ತಾ ಮೇಲಕ್ಕೆ ಎತ್ತಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಸೀಸದ ಕಂಬ ಅಲುಗಿ, ಬುಡದಲ್ಲಿ ಆಸಿಡ್ ಒಸರತೊಡಗುತ್ತದೆ.

ಬಿಚ್ಚಿದ ವೈರು ತಾನಾಗಿ ಬಾಗಿ ಮತ್ತೆ ಕಂಬಕ್ಕೆ ತಗುಲುವುದುಂಟು. ಹಳೆಯ ಸೈಕಲ್ ಟ್ಯೂಬಿನ ಒಂದು ಗೇಣು ತುಂಡನ್ನು ಕ್ಲಾಂಪಿಗೆ ತೊಡಿಸಿ ಪಕ್ಕಕ್ಕೆ ಸರಿಸಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಂಡರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಒಣಗಿಸಿ, ಮತ್ತೆ ಜೋಡಿಸಿದ ಮೇಲೆ ವ್ಯಾಸಲೀನ್ ಸವರಿ. ಮುಚ್ಚಳಗಳಿರುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದಿಟ್ಟು ಹಾಕುವ ಜಾಣರಿದ್ದಾರೆ. ಅದರಲ್ಲಿ ಧೂಳೂ ಲೋಹದ ಅಂಶವೂ ಇರುತ್ತದೆ.

ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಈ ಬಿಚ್ಚಾಟವೇ ಬೇಡ. ತುಂಬಿದ ಕೂಡಲೇ ತಾನೇ ನಿಲ್ಲುವ ಸ್ಮಾರ್ಟ್ ಚಾರ್ಜರ್ ತಗುಲಿಸಿಡಿ. ಅಗ್ಗದ, ತಾನಾಗಿ ನಿಲ್ಲದ ಚಾರ್ಜರುಗಳನ್ನು ಮುಟ್ಟಬೇಡಿ, ಅವು ಬ್ಯಾಟರಿಯನ್ನು ಕುದಿಸಿಬಿಡುತ್ತವೆ. ಹೈಬ್ರಿಡ್, ವಿದ್ಯುತ್ ಕಾರುಗಳಿಗೆ, ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಎಂಜಿನ್ನಿನ ಕಾರುಗಳಿಗೆ ಕೈಪಿಡಿ ಹೇಳಿದಂತೆ ಮಾಡಿ. ಮೇಲಿನ ವಿಧಾನ ಅವಕ್ಕಲ್ಲ.

ಟ್ಯಾಂಕ್

ತುಂಬಿಸಿಡಿ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್ ಇರುವುದರಿಂದ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅರ್ಧ ಟ್ಯಾಂಕ್ ಎಂದರೆ ಇನ್ನರ್ಧ ತೇವದ ಗಾಳಿ. ಬಂಕಿನಲ್ಲಿ ಹುಡುಗರು ಕೈಗೆ ತುರುಕುವ ‘ಪಿಕಪ್ ಹೆಚ್ಚಿಸುವ’ ಬಾಟಲಿಗಳಿಗೆ ಹಣ ಸುರಿಯಬೇಡಿ.

ಹ್ಯಾಂಡ್ ಬ್ರೇಕ್ ಎಳೆಯಬೇಡಿ

ಕಾರು ನಿಲ್ಲಿಸಿದೊಡನೆ ಕೈ ತಾನಾಗಿ ಹ್ಯಾಂಡ್ ಬ್ರೇಕಿಗೆ ಹೋಗುತ್ತದೆ. ತಡೆಯಿರಿ. ತೇವಕ್ಕೆ ಹಿಂದಿನ ಚಕ್ರದ ಬ್ರೇಕ್ ಶೂಗಳು ಡ್ರಮ್ಮಿಗೆ ಅಂಟಿಕೊಳ್ಳುತ್ತವೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕೆಲವು ವಾರಗಳೇ ಸಾಕು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಒಂದನೇ ಗೇರ್ ಹಾಕಿ, ಒಂದು ಚಕ್ರದ ಹಿಂದೆ ಮುಂದೆ ಎರಡೂ ಕಡೆ ಮರದ ಗುಟ್ಟ ಕೊಡಿ. ಆಟೊಮ್ಯಾಟಿಕ್ ಆದರೆ ‘ಪಿ’ ಮತ್ತು ಗುಟ್ಟ. ಬಟನ್ ಬ್ರೇಕ್ ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಆದಾಗ ತಾನೇ ಬೀಳುತ್ತದೆ, ಬಿಡಿಸುವ ಕ್ರಮ ಕೈಪಿಡಿಯಲ್ಲಿರುತ್ತದೆ. ಇಳಿಜಾರಿನಲ್ಲಿ ಮಾತ್ರ ಈ ಉಪಾಯ ಬೇಡ.

ಟೈರಿಗೆ ಮಾಮೂಲಿಗಿಂತ ನಾಲ್ಕೈದು ಪಿಎಸ್‌ಐ ಗಾಳಿ ಹೆಚ್ಚು ಹಾಕಿಸಿ, ಸ್ಟೆಪ್ನಿ ಮರೆಯಬೇಡಿ. ವಾರ ಹತ್ತು ದಿನಕ್ಕೊಮ್ಮೆ ಇಬ್ಬರು ಸೇರಿ ಕಾರನ್ನು ಎರಡಡಿ ತಳ್ಳಿದರೆ ನೆಲಕ್ಕೆ ಒತ್ತಿದ ಭಾಗ ಬದಲಾಗುತ್ತದೆ. ಟ್ರೆಡ್ ಹೊಸದರಂತಿದ್ದರೂ ಟೈರ್ ಮುದಿಯಾಗುತ್ತದೆ: ಪಕ್ಕದ ಗೋಡೆಯ ಮೇಲೆ 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಬಿರುಕು ಇದೆಯೇ ಎಂದು ಟೈರ್ ಅಂಗಡಿಯಲ್ಲಿ ತೋರಿಸಿ. ಆಯಿಲ್ ವರ್ಷಕ್ಕೊಮ್ಮೆ, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಕಿಲೋಮೀಟರ್ ಆಗಿಲ್ಲವೆಂಬ ನೆಪ ಇಲ್ಲಿ ನಡೆಯದು.

ಇಲಿ ಮತ್ತು ಬೂಷ್ಟು

ಇಲಿಗೆ ಬೆಚ್ಚಗಿನ ಕತ್ತಲೆ ಬೇಕು, ತಿನ್ನಲು ಏನಾದರೂ ಸಿಕ್ಕರೆ ಇನ್ನೂ ಒಳ್ಳೆಯದು. ಆಯುಧಪೂಜೆಯ ಕಡಲೆಪುರಿ ಸೀಟಿನ ಸಂದಿಯಲ್ಲಿ, ಮಗುವಿನ ಬಿಸ್ಕತ್ತಿನ ಪುಡಿ ಮ್ಯಾಟಿನ ಕೆಳಗೆ ಇದ್ದರೆ ನೀವೇ ಆಮಂತ್ರಣ ಕಳಿಸಿದ ಹಾಗೆ. ವ್ಯಾಕ್ಯೂಮ್ ಹಾಕಿ ತೆಗೆಯಿರಿ. ಎಂಜಿನ್ ಆಫ್ ಮಾಡುವ ಮುನ್ನ ಎಸಿಯನ್ನು ಒಳಗಾಳಿ ಸುತ್ತುವ ಬಟನ್ನಿಗೆ ಹಾಕಿದರೆ ಹೊರಗಾಳಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಬ್ಲೋವರ್ ದಾರಿಯಲ್ಲಿ ಗೂಡು ಕಟ್ಟುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಸ್ವಂತ ಶೆಡ್ ಆದರೆ ಬಾನೆಟ್ ಎತ್ತಿಡಿ, ಬೆಳಕು ಬಿದ್ದ ಕಡೆ ಇಲಿ ನಿಲ್ಲುವುದು ಕಡಿಮೆ. ಹೊಗೆಸೊಪ್ಪು, ನುಸಿಗುಳಿಗೆಗಳ ಘಾಟು ಕೆಲವೇ ದಿನ. ವೈರು ಕಡಿದಿದೆಯೇ ಎಂದು ತಿಂಗಳಿಗೊಮ್ಮೆ ಕಣ್ಣಾಡಿಸುವುದಕ್ಕೆ ಬದಲಿಯಿಲ್ಲ.

ಮಿರಿಮಿರಿ ಮಿಂಚುವ ಪ್ಲಾಸ್ಟಿಕ್ ಕವರ್ ಮಾತ್ರ ದಯವಿಟ್ಟು ಹಾಕಬೇಡಿ. ಒಳಗೆ ತೇವ ಕಟ್ಟಿಕೊಂಡು ಬಣ್ಣವೂ ಹಾಳು, ಸೀಟೂ ಹಾಳು. ಮೇಲೆ ಸೂರು ಇದ್ದರೆ ಕವರೇ ಬೇಡ. ಬಯಲಿನಲ್ಲಾದರೆ ಗಾಳಿಯಾಡುವ ಬಟ್ಟೆಯದು, ಅದೂ ತೊಳೆದು ಒಣಗಿಸಿದ ಕಾರಿಗೆ. ಹಕ್ಕಿಯ ಹಿಕ್ಕೆಯನ್ನು ಅಂದೇ ತೊಳೆಯಿರಿ. ಮಳೆ ಹೊಳವಾದ ದಿನ ನಾಲ್ಕೂ ಬಾಗಿಲು ತೆರೆದು ಎರಡು ಗಂಟೆ ಬಿಡಿ, ಮ್ಯಾಟುಗಳನ್ನು ಹೊರಗೆ ಒಣಹಾಕಿ.

ಮತ್ತೆ ರಸ್ತೆಗೆ

ಕೆಳಗೆ ಎಣ್ಣೆ ಸೋರಿದೆಯೇ, ಬಾನೆಟ್ಟಿನಡಿ ಗೂಡು ಇದೆಯೇ, ಆಯಿಲ್ ಮತ್ತು ಕೂಲೆಂಟ್ ಎಷ್ಟಿದೆ ನೋಡಿ. ಗಾಳಿ ಮಾಮೂಲಿಗೆ ಇಳಿಸಿ, ಮೈನಸ್ ಜೋಡಿಸಿ. ಸಣ್ಣ ಕಿಡಿ ಹಾರಿದರೆ ಗಾಬರಿ ಬೇಡ. ಗಡಿಯಾರವನ್ನೂ ಒಂದೇ ಒತ್ತಿಗೆ ಏರುವ ಕಿಟಕಿಯನ್ನೂ ಮತ್ತೆ ಹೊಂದಿಸಬೇಕಾಗಬಹುದು. ಬ್ಯಾಟರಿ ಇಳಿದಿದ್ದು ಇನ್ನೊಂದು ಕಾರಿನಿಂದ ಕೇಬಲ್ ಹಾಕುವುದಾದರೆ, ಕೆಂಪು ಕೇಬಲನ್ನು ಪ್ಲಸ್ಸಿಂದ ಪ್ಲಸ್ಸಿಗೆ ಹಾಕಿ. ಕಪ್ಪನ್ನು ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ ಹಾಕಿ, ಕೊನೆಯ ಕ್ಲಿಪ್ಪನ್ನು ನಿಮ್ಮ ಎಂಜಿನ್ನಿನ ಬರಿಯ ಲೋಹಕ್ಕೆ ಕಚ್ಚಿಸಿ. ಬ್ಯಾಟರಿಯ ಹತ್ತಿರ ಹೈಡ್ರೋಜನ್ ಇರಬಹುದು, ಅಲ್ಲಿ ಕಿಡಿ ಬೇಡ.

ಸ್ಟಾರ್ಟ್ ಆದ ಮೇಲೆ ಆಕ್ಸಿಲರೇಟರ್ ತುಳಿದು ಅಬ್ಬರಿಸಬೇಡಿ. ಗುಟ್ಟಗಳನ್ನು ತೆಗೆದು ಗೇಟಿನೊಳಗೇ ನಾಲ್ಕು ಬಾರಿ ಬ್ರೇಕ್ ಒತ್ತಿ ನೋಡಿ. ಆರಂಭದ ಕರಕರ ಸದ್ದು ಡಿಸ್ಕಿನ ತುಕ್ಕಿನದು, ಒಂದೆರಡು ಕಿಲೋಮೀಟರಿನಲ್ಲಿ ಹೋಗಬೇಕು. ಹೋಗದಿದ್ದರೆ, ಅಥವಾ ಪೆಡಲ್ ಮೆತ್ತಗಾಗಿ ಒಳಗಿಳಿದರೆ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಗೇಟು ದಾಟುವ ಮುನ್ನ ವಿಮೆ ಮತ್ತು ಮಾಲಿನ್ಯ ತಪಾಸಣೆ ಪತ್ರದ ದಿನಾಂಕ ನೋಡಿಕೊಳ್ಳಿ. ವಿಮೆ ಮುಗಿದು 90 ದಿನ ದಾಟಿದ್ದರೆ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಕೈಬಿಟ್ಟಂತೆಯೇ.