ಅಂಚು ಸೀಳಿದ ರೊಟ್ಟಿ

ನಾನು ಮಂಡ್ಯದ ಕಡೆಯವಳು, ಮುದ್ದೆ ತಿಂದು ಬೆಳೆದವಳು. ಮದುವೆಯಾಗಿ ವಿಜಯಪುರಕ್ಕೆ ಬಂದಾಗ ಜೋಳದ ರೊಟ್ಟಿ ಬಡಿಯುವುದಿರಲಿ, ಹಿಟ್ಟು ಕಲಸೋಕೂ ಬರ್ತಿರಲಿಲ್ಲ. ಮೊದಲ ದಿನ ಚಪಾತಿಗೆ ಕಲಸೋ ಹಾಗೆ ತಣ್ಣೀರು ಹಾಕಿ ಕಲಸಿದೆ. ರೊಟ್ಟಿ ಕೈಯಲ್ಲೇ ನಾಲ್ಕು ತುಂಡಾಯಿತು.

"ಎಸರು ಇಟ್ಟಿಲ್ಲೇನ?" ಅಂದರು ಅತ್ತೆ. ಗೋಧಿಯಲ್ಲಿರೋ ಗ್ಲುಟೆನ್ ಅನ್ನೋ ಅಂಟು ಜೋಳದಲ್ಲಿಲ್ಲ, ಕುದಿಯುವ ನೀರು ಬಿದ್ದರೇನೇ ಹಿಟ್ಟಿಗೆ ಜಿಗಿ ಬರೋದು ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಅಲ್ಲಿಂದ ದಿನಾ ಒಂದೊಂದು. "ಅಂಚು ಸೀಳ್ಯಾವ." "ನಡುವ ದಪ್ಪ ಆಗ್ಯಾದ." "ನೀರು ಹಚ್ಚೂದು ತಡಾ ಮಾಡಿದಿ." ನಮ್ಮ ಮನೆಯವರು ಮಾತ್ರ, ಪಾಪ, "ಚಲೋ ಆಗ್ಯಾವ" ಅಂತ ಹಾಲಿಗೆ ಮುರಿದು ಹಾಕಿಕೊಂಡು ನುಂಗುತ್ತಿದ್ದರು. ನಾನು ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅಳುತ್ತಿದ್ದೆ. ಏನು ಮಾಡಿದರೂ ತಪ್ಪು ಹುಡುಕ್ತಾರಮ್ಮ ಅಂತ.

ಎಳ್ಳ ಅಮಾವಾಸ್ಯೆ ಬಂತು. ಚರಗ ಚೆಲ್ಲೋಕೆ, ಅಂದರೆ ಭೂತಾಯಿಗೆ ನೈವೇದ್ಯ ಅಂತ ಅಡುಗೆ ಎರಚೋಕೆ, ಹೊಲಕ್ಕೆ ಹೋಗಬೇಕು, ಬುಟ್ಟಿಗಟ್ಟಲೆ ರೊಟ್ಟಿ ಆಗಬೇಕು. ನೆಂಟರ ಮನೆಯ ಹೊಸ ಸೊಸೆಯೂ ಕೈ ಹಾಕಿದಳು. ಅವಳ ರೊಟ್ಟಿ ನನ್ನದಕ್ಕಿಂತ ಕಡೆ. ಅತ್ತೆ ಅವಳಿಗೆ, "ಚಲೋ ಮಾಡೀದಿ ನೋಡವ್ವ" ಅಂದರು. ಸಂಜೆ ನೋಡಿದರೆ ಆ ರೊಟ್ಟಿ ಎಮ್ಮೆಯ ಮುಂದಿತ್ತು. ನನಗೆ ಮೈ ಉರಿಯಿತು. ಅವಳಿಗ್ಯಾಕೆ ಏನೂ ಹೇಳಲಿಲ್ಲ ಅಂತ ಕೇಳಿಯೇಬಿಟ್ಟೆ.

"ಆಕಿಗಿ ಯಾಕ ಹೇಳ್ಲಿ? ನಾಳಿ ತನ್ನ ಊರಿಗಿ ಹೋಗಾಕಿ," ಅಂದರು. ಎಮ್ಮೆಯ ಬೆನ್ನು ತಟ್ಟಿ ಒಳಗೆ ಹೋದರು.

ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.

ಮರುದಿನದಿಂದ ನಾನೇ ಕೇಳೋಕೆ ಶುರು ಮಾಡಿದೆ. ದಿನಕ್ಕೆ ಒಂದೇ ವಿಷಯ. "ಅತ್ತೆ, ಇವತ್ತು ಅಂಚು ಮಾತ್ರ ನೋಡಿ." ಎಲ್ಲ ತಪ್ಪನ್ನೂ ಒಟ್ಟಿಗೆ ಕೇಳಿಸಿಕೊಂಡರೆ ಏನೂ ತಲೆಗೆ ಹೋಗಲ್ಲ, ಸುಮ್ನೆ ಸಿಟ್ಟು ಬರುತ್ತೆ, ಅಲ್ವಾ? ಕೇಳಿದ ಮೇಲೆ ಅವರ ಮಾತೂ ಬದಲಾಯಿತು. "ಸೀಳ್ಯಾವ" ಅಂದು ಬಿಡುವ ಬದಲು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದು ತೋರಿಸಿದರು. ಅಂಗೈ ಬುಡದಿಂದ ಒತ್ತಿ ನಾದಬೇಕು. ಬಡಿಯುವ ಏಟಿಗೇ ರೊಟ್ಟಿ ತಿರುಗುತ್ತಾ ಹೋಗಬೇಕು. ಹಂಚಿಗೆ ಹಾಕಿ ಒದ್ದೆ ಬಟ್ಟೆಯಲ್ಲಿ ನೀರು ಸವರಿದರೆ, ಅದು ಪೂರ್ತಿ ಆರುವ ಮೊದಲೇ ಮಗುಚಬೇಕು. ತಡವಾದರೆ ಬಿರುಕು ಬಿಡುತ್ತೆ, ಉಬ್ಬಲ್ಲ.

ಒಂದು ದಿನ ಎಲ್ಲ ಸರಿಯಾಗಿ ಮಾಡಿದರೂ ಅಂಚು ಸೀಳಿತು. ಅತ್ತೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, "ಬೀಸಿಸಿ ತಿಂಗಳಾತು, ಜಿಗಿ ಹೋಗ್ಯಾದ. ನಿಂದೇನ ತಪ್ಪಿಲ್ಲ" ಅಂದರು. ಅವತ್ತಿನಿಂದ ಅವರು ತಪ್ಪು ಅಂದರೆ ನಾನು ಎದುರಾಡಲಿಲ್ಲ.

ಹಾಗಂತ ಎಲ್ಲರ ಮಾತೂ ಕೇಳಬೇಕಿಲ್ಲ. ಓಣಿಯಲ್ಲಿ ಒಬ್ಬರು, "ಆ ಕಡಿಯವ್ರಿಗಿ ರೊಟ್ಟಿ ಎಲ್ಲಿ ಬರ್ತಾವ" ಅಂತ ನಗುತ್ತಿದ್ದರು. ಅದರಲ್ಲಿ ನಾನು ತಿದ್ದಿಕೊಳ್ಳುವಂಥದ್ದು ಏನಿತ್ತು? ಈಗ ಯಾರಾದರೂ ಬೈದರೆ ಅವರ ಕೈಗೆ ಹಿಟ್ಟು ಮೆತ್ತಿದೆಯಾ ಅಂತ ನೋಡ್ತೀನಿ.

ಮೊನ್ನೆ ಅತ್ತೆಗೆ ಮುದ್ದೆ ಮಾಡೋ ಆಸೆಯಾಯಿತು. ಮಾಡಿ ಬಡಿಸಿ, ನನ್ನ ಮುಖವನ್ನೇ ನೋಡುತ್ತಾ ಕೂತರು. ಒಂದು ತುತ್ತು ನುಂಗಿ, "ಚೆನ್ನಾಗಿದೆ ಅತ್ತೆ" ಅಂದೆ.

"ಸುಳ್ಳ ಹೇಳಬ್ಯಾಡ. ನಾ ಏನ ನಾಳಿ ಊರಿಗಿ ಹೋಗಾಕೇನ?"

ನಾನು ಮುದ್ದೆ ಮುರಿದು ಒಳಗಿದ್ದ ಹಸಿ ಗಂಟು ತೋರಿಸಿದೆ. "ಹಿಟ್ಟು ಹಾಕಿದ ತಕ್ಷಣ ತಿರುವಿಬಿಟ್ರಿ. ಕೈಯಾಡಿಸದೆ ಬೇಯೋಕೆ ಬಿಡಬೇಕಿತ್ತು. ಬನ್ನಿ, ಇನ್ನೊಂದು ಸಲ ಎಸರಿಡೋಣ."